ಹುಣಸೆಮರದಿಂದ ಗುಡಿಯವರೆಗೆ

ಯಲಹಂಕ
22 ಏಪ್ರಿಲ್ 1975

ಗೋದಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ರಾಮನವಮಿ ಕಳೆಯಲಿ ಎಂದು ಉತ್ತರವನ್ನು ತಡೆದಿಟ್ಟಿದ್ದೆ. ಅಮ್ಮ ಚೆನ್ನಾಗಿದ್ದಾಳೆ. ನೀನು ಬಿಟ್ಟುಹೋದ ಮಲ್ಲಿಗೆ ಬಳ್ಳಿ ಬಾವಿಕಟ್ಟೆ ಹತ್ತಿದೆ. ಅದಕ್ಕೆ ನೀರು ಹಾಕುವುದು ನನ್ನ ಕೆಲಸವೆಂದು ಯಾರೂ ಹೇಳದೆಯೇ ತೀರ್ಮಾನವಾಗಿದೆ.

ನಮ್ಮ ಓಟದ ಪದ್ಧತಿ ಏನೆಂದು ಬದರೀನಾಥರು ಕೇಳಿದರು, ನಿನಗೆ ಸರಿಯಾಗಿ ಹೇಳಲು ಬರಲಿಲ್ಲ ಎಂದು ಬರೆದಿದ್ದೀಯ. ನಿನ್ನ ಗಂಡನಿಗೆ ಇಷ್ಟನ್ನು ಓದಿ ಹೇಳು. ರಾಮನವಮಿಯ ಬೆಳಿಗ್ಗೆ ಯಲಹಂಕದ ಸಂತೆಬೀದಿಯಿಂದ ಹೆಬ್ಬಾಳದ ಕೆರೆ ಏರಿಯ ಕೆಳಗಿರುವ ಆಂಜನೇಯನ ಗುಡಿಯವರೆಗೆ ಬಳ್ಳಾರಿ ರಸ್ತೆಯಲ್ಲಿ ಓಡಬೇಕು. ಒಬ್ಬೊಬ್ಬರೇ ಓಡುವಂತಿಲ್ಲ. ಮನೆಯವರೋ ಗೆಳೆಯರೋ ನಾಲ್ವರ ಒಂದು ಗುಂಪು, ಅದರಲ್ಲಿ ಒಬ್ಬರಾದರೂ ಹೆಂಗಸೋ ಮುದುಕರೋ ಇರಬೇಕು. ಮೂವರು ಎಷ್ಟು ಬೇಗ ತಲುಪಿದರೂ ತಲುಪಿದಂತಲ್ಲ. ಕೊನೆಯವರು ಬಂದು ಗಂಟೆ ಹೊಡೆದಾಗಲೇ ಆ ಗುಂಪು ಬಂದ ಲೆಕ್ಕ. ಅಲ್ಲಿಯವರೆಗೆ ಆ ಗುಂಪಿನ ಯಾರಿಗೂ ಪಾನಕವಿಲ್ಲ, ಕೋಸಂಬರಿಯಿಲ್ಲ. ಓಡುವವರ ಹೆಸರನ್ನು ಗುಡಿಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿರುತ್ತಾರೆ. ಕೊನೆಗೆ ಬಂದವರು ಒದ್ದೆ ಕೈಯಿಂದ ತಮ್ಮ ಗುಂಪಿನ ಹೆಸರುಗಳನ್ನು ಒರೆಸುತ್ತಾರೆ. ಬಿಸಿಲೇರುವ ಹೊತ್ತಿಗೆ ಗೋಡೆ ಖಾಲಿಯಾಗಿರಬೇಕು.

ಹೋದ ವರ್ಷ ಖಾಲಿಯಾಗಲಿಲ್ಲ. ನಾನು, ಬ್ಯಾಟರಾಯಪ್ಪ, ಮಜೀದ್ ಮೂವರೂ ಗುಡಿಯ ಜಗಲಿಯ ಮೇಲೆ ಕೂತು ನಿನಗಾಗಿ ಕಾದೆವು. ನಿನ್ನನ್ನು ಕೊಡಿಗೆಹಳ್ಳಿ ಗೇಟಿನ ಹತ್ತಿರದ ಹುಣಸೆಮರದ ಕೆಳಗಿನಿಂದ ಶೇಷಗಿರಿ ಚಿಕ್ಕಪ್ಪ ತಮ್ಮ ಲ್ಯಾಂಬ್ರೆಟ್ಟಾ ಸ್ಕೂಟರಿನ ಮೇಲೆ ಎತ್ತಿಕೊಂಡು ಹೋಗಿದ್ದರು. ಗಂಡಿನ ಕಡೆಯವರು ಒಂದು ದಿನ ಮೊದಲೇ ಬಂದು ಮನೆಯಲ್ಲಿ ಕೂತಿದ್ದರಂತೆ. ಇದು ಬದರೀನಾಥರಿಗೆ ಗೊತ್ತಿರುವ ಭಾಗ.

ಈ ಸಲ ನಿನ್ನ ಜಾಗಕ್ಕೆ ಬ್ಯಾಟರಾಯಪ್ಪನ ಅತ್ತಿಗೆಯನ್ನು ಸೇರಿಸಿಕೊಂಡು ಓಡೋಣವೆಂದು ಗುಡಿಗೆ ಹೋದೆ. ಮುನಿಆಂಜಿನಪ್ಪನವರು ಇದ್ದಿಲು ಕೈಯಲ್ಲಿ ಹಿಡಿದು ಗೋಡೆಯ ಮುಂದೆ ನಿಂತಿದ್ದರು. ಊರಿಗೆಲ್ಲ ಓಟದ ಯಜಮಾನರು ಅವರೇ ತಾನೆ.

"ಎಂಗ್ ಬರೀಲಪ್ಪಾ?" ಎಂದರು. "ನಿಮ್ ಎಸ್ರು ಆಗ್ಲೇ ಅಯ್ತೆ. ನೀವಿನ್ನೂ ಓಡ್ತಾ ಇದೀರ. ಎಣ್ಮಗ ದಾರೀಲವ್ಳೆ."

ನಾನು ವಾದಿಸಿದೆ. ಅವರು ನಮ್ಮ ನಾಲ್ಕು ಹೆಸರುಗಳ ಮೇಲೆ ಇನ್ನೊಮ್ಮೆ ಇದ್ದಿಲು ತಿದ್ದಿದರು, ಅಷ್ಟೆ. ನಾವು ಮೂವರೂ ಜಗಲಿಯ ಮೇಲೆ ಕೂತು ಬೇರೆಯವರು ಪಾನಕ ಕುಡಿಯುವುದನ್ನು ನೋಡಿದೆವು. ಮಜೀದ್ ಹೇಳಿದ್ದು: "ರಂಜಾನ್ ಉಪವಾಸ ಸಾಲ್ದೂಂತ ನಿನ್ ತಂಗಿ ನಂಗೆ ರಾಮನವಮೀಗೂ ಉಪವಾಸ ಹಾಕ್ಸಿದ್ಲು ಗುರು."

ಮುಂದಿನ ವರ್ಷ ಬಾ. ಹುಣಸೆಮರದಿಂದ ಗುಡಿಗೆ ಎಷ್ಟು ಮಹಾ ದೂರ.

ತ್ರಿವಿಕ್ರಮ


ನಾಗಪುರ
11 ಮೇ 1975

ಅಣ್ಣಾ,

ನಿನ್ನ ಕಾಗದವನ್ನು ಅವರಿಗೆ ಓದಿದೆ. ಗೋಡೆಯ ಮಾತು ಬಂದಾಗ "ಇನ್ನೊಂದ್ಸಲ ಓದು" ಎಂದರು. ಮುಗಿಸಿದವರ ಹೆಸರು ಅಳಿದುಹೋಗುತ್ತದೆ, ಮುಗಿಸದವರದು ಮಾತ್ರ ಉಳಿಯುತ್ತದೆ ಎನ್ನುವುದು ರೈಲ್ವೆ ಅಕೌಂಟ್ಸಿನ ಮನುಷ್ಯನಿಗೆ ಬಹಳ ಹಿಡಿಸಿತು.

ಆ ದಿನ ನಾನು ಕಾಫಿ ತಟ್ಟೆ ಹಿಡಿದು ಹಜಾರಕ್ಕೆ ಬಂದಾಗ ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ನಿನ್ನ ಹಳೆಯ ಕ್ಯಾನ್ವಾಸ್ ಶೂ ಇದ್ದಷ್ಟು ಭಾಗ ಬೆಳ್ಳಗಿತ್ತು, ಅದರ ಮೇಲೆಲ್ಲ ಕೆಂಪು ಧೂಳು. ತೊಳೆದುಕೊಳ್ಳಲು ಯಾರೂ ಬಿಟ್ಟಿರಲಿಲ್ಲ. "ಓಟ ಮುಗೀತಾ?" ಎಂದು ಕೇಳಿದರು. "ಇನ್ನೂ ಇಲ್ಲ" ಎಂದೆ. ಚಿಕ್ಕಮ್ಮ ಹಿಂದಿನಿಂದ ಚಿವುಟಿದಳು. ಅವರು ಕೇಳಿದ್ದು ಅದೊಂದೇ ಪ್ರಶ್ನೆ. ಆ ಪ್ರಶ್ನೆಗಾಗಿಯೇ ನಾನು ಒಪ್ಪಿದ್ದು ಎಂದು ನಿನಗೆ ಹೇಳಿದ್ದೆನೋ ಇಲ್ಲವೋ.

ಇಲ್ಲಿಯೂ ರಾಮನವಮಿಗೆ ದೊಡ್ಡ ಮೆರವಣಿಗೆ ಹೊರಡುತ್ತದೆ. ಮಹಡಿಯ ಕಿಟಕಿಯಿಂದ ನೋಡಿದೆ. ಕಿವಿ ಮುಚ್ಚಿಕೊಳ್ಳುವಷ್ಟು ವಾದ್ಯ. ಆದರೆ ನನಗೆ ಜಕ್ಕೂರಿನ ದ್ರಾಕ್ಷಿ ತೋಟಗಳಿಗೆ ಮೈಲುತುತ್ತ ಹೊಡೆದ ವಾಸನೆ ಬರುತ್ತಿತ್ತು. ತೋಟದವರು ಬೇಲಿಯ ಮೇಲಿಂದ ನಮ್ಮ ಮೈಮೇಲೆ ನೀರು ಎರಚುತ್ತಿದ್ದರಲ್ಲ, ಮಜೀದ್ ಬೇಕೆಂದೇ ಎರಡು ಸಲ ನೆನೆಯುತ್ತಿದ್ದನಲ್ಲ.

ಚಿಕ್ಕಪ್ಪನೊಂದಿಗೆ ನೀನು ಮಾತು ಬಿಟ್ಟಿದ್ದೀಯೆಂದು ಅಮ್ಮ ಬರೆಸಿದ್ದಾಳೆ. ಬೇಡ. ಅವರು ಕರೆದರು, ನಿಜ. ಹತ್ತಿದವಳು ನಾನು. ಇಷ್ಟನ್ನು ನೆನಪಿಟ್ಟುಕೋ.

ಮುಂದಿನ ವರ್ಷ ಖಂಡಿತ ಬರುತ್ತೇನೆ.

ಗೋದಾ


ಯಲಹಂಕ
6 ಮಾರ್ಚ್ 1977

ಗೋದಾ,

ಹೋದ ವರ್ಷ ನೀನು ಬರಲಿಲ್ಲ. ನಾದಿನಿಯ ಪರೀಕ್ಷೆ ಎಂದು ನೀನು ಬರೆದಿದ್ದೆ. ಪರೀಕ್ಷೆ ಬರೆಯುವವಳು ಅವಳಲ್ಲವೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಡಿಸೆಂಬರಿನಲ್ಲಿ ನೀನು ಬಂದು ಹದಿನೈದು ದಿನ ಇದ್ದೆ. ಒಂದು ಸಂಜೆ ಹೆಬ್ಬಾಳದ ಏರಿಯ ಮೇಲೆ ನಡೆದು ಬರೋಣ ಎಂದರೆ ತಲೆನೋವು ಎಂದೆ. ಇನ್ನೊಂದು ಸಂಜೆ ಅಮ್ಮನಿಗೆ ಹಪ್ಪಳ ಒತ್ತಿಕೊಡಬೇಕು ಎಂದೆ. ನಿನಗೆ ಈ ಊರು ಚಿಕ್ಕದಾಗಿ ಕಾಣುತ್ತಿರಬಹುದು. ಅದು ಸಹಜ. ನನಗೇ ಕೆಲವೊಮ್ಮೆ ಹಾಗೆ ಕಾಣುತ್ತದೆ.

ಗುಡಿಗೆ ಸುಣ್ಣ ಹೊಡೆಯುತ್ತಿದ್ದಾರೆ. ಮೊನ್ನೆ ಪಾಠ ಮುಗಿಸಿ ಶಾಲೆಯಿಂದ ಸೈಕಲ್ಲಿನಲ್ಲಿ ಅತ್ತ ಹೋಗಿದ್ದೆ. ಗೋಡೆಯೆಲ್ಲ ಹಾಲಿನಂತಾಗಿದೆ, ನಮ್ಮ ಹೆಸರುಗಳಿರುವ ಒಂದು ಚೌಕ ಮಾತ್ರ ಹಳೆಯ ಬಣ್ಣದಲ್ಲಿ ಉಳಿದಿದೆ. ಸುಣ್ಣದವನಿಗೆ ಮುನಿಆಂಜಿನಪ್ಪನವರ ಆಜ್ಞೆಯಂತೆ. ವರ್ಷ ಕಳೆದಂತೆ ಆ ಚೌಕ ಗೋಡೆಗಿಂತ ಒಳಗೆ ಹೋಗುತ್ತಿದೆ. ಹತ್ತಿರ ನಿಂತರೆ ಮುಚ್ಚಿದ ಸಣ್ಣ ಕಿಟಕಿಯಂತೆ ಕಾಣುತ್ತದೆ. ನಾನು ಅದರ ಮುಂದೆ ಏಕೆ ನಿಂತಿದ್ದೆ ಎಂದು ನನಗೆ ತಿಳಿಯಲಿಲ್ಲ.

ಈ ಸಲ ಬರುತ್ತೀಯಾ ಇಲ್ಲವಾ, ಒಂದು ಸಾಲು ಬರೆ.

ತ್ರಿವಿಕ್ರಮ


ನಾಗಪುರ
19 ಮಾರ್ಚ್ 1977

ಅಣ್ಣಾ,

ಈ ಸಲ ಆಗುವುದಿಲ್ಲ. ಮನೆ ಬದಲಾಯಿಸುತ್ತಿದ್ದೇವೆ. ಇದೇ ಕಟ್ಟಡದ ಕೆಳಗಿನ ಮನೆ ಖಾಲಿಯಾಯಿತು. ಮೇಲೆ ಬಿಸಿಲು ಜಾಸ್ತಿ, ನೀರೂ ಹತ್ತುವುದಿಲ್ಲ. ಕೆಳಗಿನದು ಸ್ವಲ್ಪ ಕತ್ತಲೆ, ಆದರೆ ಅನುಕೂಲ. ಮಾರುಕಟ್ಟೆಗೆ ಅವರೇ ಹೋಗಿಬರುತ್ತಾರೆ. ನಾನು ಮಹಾರಾಣಿಯಂತೆ ಕೂತಿರುತ್ತೇನೆ. ಹೊಟ್ಟೆಕಿಚ್ಚುಪಡು.

ಊರು ನನಗೆ ಚಿಕ್ಕದಾಗಿ ಕಾಣುವುದಿಲ್ಲ ಅಣ್ಣಾ. ದೂರ ಕಾಣುತ್ತದೆ. ಎರಡೂ ಬೇರೆ.

ಬ್ಯಾಟರಾಯಪ್ಪನಿಗೆ ಮಗಳು ಹುಟ್ಟಿದ್ದನ್ನು ಅಮ್ಮ ಬರೆಸಿದ್ದಳು, ಸಂತೋಷವಾಯಿತು. ನಾಮಕರಣಕ್ಕೆ ನನ್ನ ಹೆಸರಿನಲ್ಲಿ ಒಂದು ಲಂಗದ ಬಟ್ಟೆ ಕೊಡು.

ಗೋದಾ


ಯಲಹಂಕ
2 ಏಪ್ರಿಲ್ 1982

ಗೋದಾ,

ಈ ದಿನ ರಾಮನವಮಿ. ಗುಡಿಯಿಂದ ನೇರ ಬಂದು ಬರೆಯುತ್ತಿದ್ದೇನೆ. ನಾಳೆಗೆ ಬಿಟ್ಟರೆ ಬರೆಯುವುದಿಲ್ಲ ಎಂದು ನನಗೆ ಗೊತ್ತು.

ಬ್ಯಾಟರಾಯಪ್ಪನ ಮಗಳು ಅಕ್ಕಯ್ಯಮ್ಮ ಈಗ ನನ್ನ ಸೊಂಟದಷ್ಟು ಎತ್ತರ. ಅವಳಿಗೆ ಅಪ್ಪನ ಜೊತೆ ಓಡಬೇಕು. ಬೆಳಿಗ್ಗೆ ಹೊಸ ರಿಬ್ಬನ್ ಕಟ್ಟಿಕೊಂಡು ಸಂತೆಬೀದಿಗೆ ಬಂದಿದ್ದಳು. "ಅಪ್ಪಾ, ಎಲ್ರ ಅಪ್ಪಂದ್ರೂ ಓಡ್ತವ್ರೆ, ನೀನ್ಯಾಕ್ ಓಡಾಕಿಲ್ಲ?" ಎಂದು ಎಲ್ಲರ ಮುಂದೆ ಕೇಳಿದಳು. "ನಾನೂ ಓಡ್ತಾನೇ ಇವ್ನಿ ಕಣವ್ವಾ, ನಿಂಗ್ ಕಾಣಾಕಿಲ್ಲ ಅಷ್ಟೇಯ" ಎಂದ. ಜನ ನಕ್ಕರು. ಅವನೂ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, ನಗದೆ, "ಗೋದಮ್ಮೋರ್ಗೆ ಒಂದ್ ಕಾಗ್ದ ಆಕು ವಿಕ್ರಮ. ಬರಾಂಗಿಲ್ಲ ಅಂದ್ರೆ ಬರಾಂಗಿಲ್ಲ ಅನ್ಲಿ. ಇಂಗ್ ಮಾಡ್ಬಾರ್ದು" ಎಂದ. ಅವನು ನಿನ್ನ ಮೇಲೆ ದೂರು ಹೇಳಿದ್ದು ಇದೇ ಮೊದಲು.

ನಾವು ಮೂವರೂ ನಡುವಯಸ್ಸಿಗೆ ಬಂದೆವು. ಮಜೀದನ ಸೈಕಲ್ ಶಾಪು ಈಗ ಮೊಪೆಡ್ ರಿಪೇರಿ ಅಂಗಡಿ. ಅವನಿಗೆ ಮಂಡಿ ಬಾಗುವುದಿಲ್ಲ. ಗೇಟಿನ ಹತ್ತಿರ ರಸ್ತೆ ಅಗಲ ಮಾಡುತ್ತಾರಂತೆ, ಹುಣಸೆಮರಕ್ಕೆ ಕೆಂಪು ಗುರುತು ಹಾಕಿದ್ದಾರೆ.

ಇನ್ನೊಂದು ವಿಷಯ. ಇಷ್ಟು ವರ್ಷ ಬರೆಯಲಿಲ್ಲ. ಆ ದಿನ ನಾನು ಮುಂದೆ ಓಡುತ್ತಿದ್ದವನು ತಿರುಗಿ ನೋಡಿದೆ. ಸ್ಕೂಟರ್ ಹೊರಟಿತ್ತು. ನೀನು ಒಂದು ಕೈಯಲ್ಲಿ ಚಿಕ್ಕಪ್ಪನ ಭುಜ ಹಿಡಿದು ಇನ್ನೊಂದು ಕೈ ಬೀಸಿದೆ. ನಿನ್ನ ಮುಖದಲ್ಲಿ ನಗುವಿತ್ತು. ಕಷ್ಟದಿಂದ ಬಿಡುಗಡೆಯಾದವರ ನಗು. ಅದನ್ನು ಯಾರಿಗೂ ಹೇಳದೆ ಅವರಿಬ್ಬರ ಜೊತೆ ಜಗಲಿಯ ಮೇಲೆ ಕಾದೆ. ಒತ್ತಾಯದಿಂದ ಎತ್ತಿಕೊಂಡು ಹೋದರು ಎಂದು ಚಿಕ್ಕಪ್ಪನ ಮೇಲೆ ಎಂಟು ವರ್ಷ ಕೋಪ ಸಾಧಿಸಿದ್ದೇನೆ. ಆ ನಗುವನ್ನು ನೆನೆಯದಿರಲು ಅದೊಂದು ಉಪಾಯವಾಗಿತ್ತು ಎಂದು ಈಗ ಅನ್ನಿಸುತ್ತದೆ. ನಿನಗೆ ನಮ್ಮ ಜೊತೆ ಓಡುವುದು ಬೇಕಿರಲಿಲ್ಲ. ಹೇಳಿದ್ದರೆ ಆಗುತ್ತಿತ್ತು.

ಇನ್ನು ನಾನಾಗಿ ಕರೆಯುವುದಿಲ್ಲ.

ತ್ರಿವಿಕ್ರಮ


ವೆಲ್ಲೂರು
18 ನವೆಂಬರ್ 1983

ಅಣ್ಣಾ,

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಎಲ್ಲ ಮುಗಿದ ಮೇಲೆ ಬರೆಯುತ್ತಿದ್ದೇನೆ. ನನ್ನ ಎದೆಯ ಆಪರೇಷನ್ ಆಗಿ ಮೂರು ವಾರವಾಯಿತು. ಹೃದಯದ ಒಂದು ಬಾಗಿಲು ಸರಿಯಾಗಿ ತೆರೆಯುತ್ತಿರಲಿಲ್ಲವಂತೆ, ಬಿಡಿಸಿದ್ದಾರೆ. ನಿನ್ನೆ ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದೆ. ನರ್ಸಮ್ಮ ಕೈ ಹಿಡಿಯಲು ಬಂದರೆ ಬೇಡವೆಂದೆ.

ನಿನ್ನ ಕೊನೆಯ ಕಾಗದಕ್ಕೆ ಒಂದೂವರೆ ವರ್ಷ ಉತ್ತರ ಬರೆಯಲಿಲ್ಲ. ಎಷ್ಟೋ ಸಲ ಶುರುಮಾಡಿದೆ.

ಆಸ್ಪತ್ರೆಗೆ ಸೇರಿಸಿಕೊಳ್ಳುವ ದಿನ ಡಾಕ್ಟರು ಕೇಳಿದರು, ಈ ಉಸಿರಾಟದ ತೊಂದರೆ ಯಾವಾಗಿನಿಂದ ಎಂದು. ಕೊಡಿಗೆಹಳ್ಳಿ ಗೇಟಿನಿಂದ ಎಂದುಬಿಟ್ಟೆ. ಅವರಿಗೆ ಅರ್ಥವಾಗಲಿಲ್ಲ. ಹಿಂದೆ ನಿಂತಿದ್ದ ಚಿಕ್ಕಪ್ಪ ತಲೆ ತಗ್ಗಿಸಿದರು.

ಹೌದು, ಚಿಕ್ಕಪ್ಪ ಇಲ್ಲೇ ಇದ್ದಾರೆ. ಇವರ ರಜೆ ಮುಗಿದು ನಾಗಪುರಕ್ಕೆ ಹೋದ ಮೇಲೆ ಅವರೇ ನೋಡಿಕೊಳ್ಳುತ್ತಿದ್ದಾರೆ. ಆಸ್ಪತ್ರೆಯ ಮೊಸರನ್ನ ಬಿಟ್ಟು ಬೇರೇನೂ ತಿನ್ನುವುದಿಲ್ಲ.

ನೀನು ನೋಡಿದ್ದು ಸರಿ. ನಾನು ನಕ್ಕೆ. ಜಕ್ಕೂರು ದಾಟಿದಾಗಿನಿಂದಲೇ ಉಸಿರು ಸಿಗುತ್ತಿರಲಿಲ್ಲ. ಅದರ ಹಿಂದಿನ ವರ್ಷವೂ ಹಾಗೇ ಆಗಿತ್ತು, ಸುಧಾರಿಸಿಕೊಂಡಿದ್ದೆ. ಕೊನೆಗೆ ಬರುವವಳು ಯಾವಾಗಲೂ ನಾನೇ; ನೀವು ಮೂವರೂ ಜಗಲಿಯ ಮೇಲೆ ಒಣಗಿದ ಬಾಯಿಯಲ್ಲಿ ಕಾಯುತ್ತೀರಿ. ಅದಕ್ಕೇ ನಿಲ್ಲಲಿಲ್ಲ. ಹುಣಸೆಮರದ ಹತ್ತಿರ ಕಣ್ಣು ಕತ್ತಲೆಯಾಯಿತು. ಮರವನ್ನು ಹಿಡಿದುಕೊಂಡೆ. ಆಗ ಚಿಕ್ಕಪ್ಪನ ಸ್ಕೂಟರ್ ಬಂತು. ಅದರಷ್ಟು ಚೆಂದದ ಸ್ಕೂಟರನ್ನು ನಾನು ಈವರೆಗೆ ನೋಡಿಲ್ಲ.

ಬ್ಯಾಟರಾಯನಪುರದ ಬಾವಿಯ ಹತ್ತಿರ ನಿಲ್ಲಿಸಿ ನೀರು ಕೊಟ್ಟರು. ನನ್ನ ನೀಲಿಗಟ್ಟಿದ ತುಟಿ ನೋಡಿ, "ಗಂಡಿನ ಕಡೆಯೋರು ಕಾದ್ರೆ ಕಾಯ್ಲಿ, ಮೊದ್ಲು ಡಾಕ್ಟರ್ ಹತ್ರ ಹೋಗೋಣ" ಎಂದರು. ನಾನು ಬೇಡವೆಂದು, ನಿನಗೆ ಹೇಳಬಾರದೆಂದು ಆಣೆ ಹಾಕಿಸಿದೆ. ಆಣೆ ಹಾಕಿಸಿದ್ದು ನಿನ್ನ ಸಲುವಾಗಿ. ನೀನು ಮುಂದಿನಿಂದ ಕೂಗುತ್ತಿದ್ದೆಯಲ್ಲ, "ಇನ್ನೊಂಚೂರು ಗೋದಾ, ಪಾನಕ ಕಾಯ್ತಾ ಇದೆ" ಎಂದು. ಗೊತ್ತಾದರೆ ಆ ಮಾತು ನಿನ್ನನ್ನು ಬಿಡುವುದಿಲ್ಲ ಎಂದು ನನಗೆ ತಿಳಿದಿತ್ತು. ಮರುವಾರ ಚಿಕ್ಕಪ್ಪನೇ ಒಬ್ಬರು ಡಾಕ್ಟರಿಗೆ ತೋರಿಸಿದರು. ಬರೀ ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು. ಇವರಿಗೂ ಮದುವೆಗೆ ಮೊದಲೇ ಚಿಕ್ಕಪ್ಪ ಎಲ್ಲವನ್ನೂ ಹೇಳಿದ್ದರು. ಮನೆಯಲ್ಲಿ ಗೊತ್ತಿಲ್ಲದವರು ನೀನು, ಅಮ್ಮ ಇಬ್ಬರೇ.

ನೀನು ಮಾತು ಬಿಟ್ಟೆ. ಚಿಕ್ಕಪ್ಪ ಸುಮ್ಮನಿದ್ದರು. ನಾನು ಎಷ್ಟೋ ಸಲ ಹೇಳಿಬಿಡಿ ಎಂದೆ. "ಅವನ್ ಕೋಪ ನಂಗೇನ್ ಭಾರ ಇಲ್ಲ ಕಣೇ" ಎಂದರು.

ಈಗ ಬಾಗಿಲು ತೆರೆದಿದೆ. ಅದಕ್ಕೇ ಬರೆದೆ.

ಗೋದಾ


ಯಲಹಂಕ
1 ಡಿಸೆಂಬರ್ 1983

ಗೋದಾ,

ಕಾಗದವನ್ನು ಅಮ್ಮನಿಗೆ ಓದಲಿಲ್ಲ. ನೀನು ಚೆನ್ನಾಗಿದ್ದೀಯ ಎಂದಷ್ಟೇ ಹೇಳಿದೆ.

ಭಾನುವಾರ ಸಂಜಯನಗರಕ್ಕೆ ಹೋಗಿದ್ದೆ. ಚಿಕ್ಕಪ್ಪ ವೆಲ್ಲೂರಿನಿಂದ ಬಂದಿದ್ದಾರೆ ಎಂದು ತಿಳಿದಿತ್ತು. ಅವರ ಮನೆಯ ಎದುರಿನ ಅಂಗಡಿಯ ಹತ್ತಿರ ನಿಂತೆ. ಅವರು ಅಂಗಳದಲ್ಲಿ ಬನಿಯನ್ ಹಾಕಿಕೊಂಡು ಲ್ಯಾಂಬ್ರೆಟ್ಟಾ ಒರೆಸುತ್ತಿದ್ದರು. ಬಹಳ ಇಳಿದಿದ್ದಾರೆ. ಅಂಗಡಿಯವನು ಏನು ಬೇಕು ಎಂದ. ಬೆಂಕಿಪೆಟ್ಟಿಗೆ ಕೊಂಡು ಹಿಂದಿರುಗಿದೆ.

ನಾನು ಕೂಗಿದ್ದು ನೆನಪಿದೆ. ನಿನಗೆ ನೆನಪಿರುವ ಮಾತುಗಳೇ ಸರಿ.

ತ್ರಿವಿಕ್ರಮ


ನಾಗಪುರ
26 ಫೆಬ್ರವರಿ 1984

ಅಣ್ಣಾ,

ನಡೆಯಬಹುದು ಎಂದು ಡಾಕ್ಟರು ಬರೆದಿದ್ದಾರೆ. ಓಡುವಂತಿಲ್ಲ. ಮುನಿಆಂಜಿನಪ್ಪನವರನ್ನು ಕೇಳು: ಕೊನೆಯವಳು ನಡೆದುಕೊಂಡು ಬಂದರೆ ನಡೆಯುತ್ತದೆಯೇ?

ರಾಮನವಮಿಗೆ ಬರುತ್ತಿದ್ದೇನೆ. ಇವರೂ ಬರುತ್ತಾರೆ, ಇವರಿಗೆ ಆ ಗೋಡೆ ನೋಡಬೇಕಂತೆ. ಚಿಕ್ಕಪ್ಪನಿಗೂ ಬರೆದಿದ್ದೇನೆ. ನನ್ನನ್ನು ಎಲ್ಲಿಂದ ಎತ್ತಿಕೊಂಡು ಹೋದರೋ ಅಲ್ಲೇ ತಂದು ಇಳಿಸಬೇಕು, ಅದೇ ಸ್ಕೂಟರಿನಲ್ಲಿ. ನೀನು, ಬ್ಯಾಟರಾಯಪ್ಪ, ಮಜೀದ್ ಜಗಲಿಯ ಮೇಲೆ ಕೂತಿರಿ. ಎದುರಿಗೆ ಬರಬೇಡ. ಮತ್ತೆ, ಅಣ್ಣಾ, ಕೂಗಬೇಡ.

ಗೋದಾ


ನಾಗಪುರ
28 ಏಪ್ರಿಲ್ 1984

ಅಣ್ಣಾ,

ಬಂದು ತಲುಪಿದೆವು. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ದಾರಿಯಲ್ಲೇ ಅರ್ಧ ಖಾಲಿ.

ಅಲ್ಲಿದ್ದ ದಿನಗಳಲ್ಲಿ ಆ ಬೆಳಗಿನ ಮಾತು ನಾವು ಯಾರೂ ಆಡಲಿಲ್ಲ. ನೀನು ಕಾಣದ ಭಾಗವನ್ನು ಈಗ ಬರೆಯುತ್ತೇನೆ.

ಹುಣಸೆಮರ ಇರಲಿಲ್ಲ. ಗೇಟಿನ ಹತ್ತಿರ ಚಿಕ್ಕಪ್ಪ ಸ್ಕೂಟರ್ ನಿಲ್ಲಿಸಿ "ಇಲ್ಲೇ" ಎಂದರು. ಇನ್ನೂ ಹಿಂದೆ ಎಂದೆ ನಾನು. ಇಬ್ಬರೂ ರಸ್ತೆಯ ಪಕ್ಕದಲ್ಲಿ ನಿಂತು ಜಗಳವಾಡಿದೆವು. ಎಳನೀರಿನವಳು ಬಂದು, "ಮರಾನಾ? ಅಗೋ ಆ ಮೋರಿ ತಾವ ಇತ್ತು" ಎಂದಳು. ಇಬ್ಬರದೂ ತಪ್ಪಾಗಿತ್ತು. ಮೋರಿಯವರೆಗೆ ಹಿಂದಕ್ಕೆ ಹೋಗಿ ಅಲ್ಲಿಂದ ಶುರುಮಾಡಿದೆ.

ಚಿಕ್ಕಪ್ಪ ಇಂಜಿನ್ ಆರಿಸಿ ಸ್ಕೂಟರನ್ನು ತಳ್ಳಿಕೊಂಡು ನನ್ನ ಹಿಂದೆ ನಡೆದರು. ಸುಮ್ಮನೆ ಹತ್ತಿಕೊಂಡು ಹೋಗಿ ಎಂದರೆ ಕೇಳಲಿಲ್ಲ. "ನೀನ್ ನಡೀವಾಗ ನಾನ್ ಸ್ಕೂಟರ್ ಮೇಲೆ ಕೂತ್ರೆ ಚೆನ್ನಾಗಿರಲ್ಲ" ಎಂದರು. ಓಡುವವರು ನಮ್ಮನ್ನು ದಾಟಿಕೊಂಡು ಹೋದರು. ರಿಬ್ಬನ್ ಕಟ್ಟಿದ ಹುಡುಗಿಯೊಬ್ಬಳು ರಸ್ತೆಯ ಅಂಚಿನಲ್ಲಿ ಕಾಯುತ್ತಿದ್ದಳು. "ನೀವೇನಾ ಗೋದಮ್ಮ? ಬೇಗ್ ಬೇಗ ನಡೀರಿ" ಎಂದು ಗದರಿಸಿ ಓಡಿಹೋದಳು. ಬ್ಯಾಟರಾಯಪ್ಪನದೇ ಮೂಗು. ನಾನು ಎರಡು ಕಡೆ ಕೂತೆ. ಕೂತಾಗೆಲ್ಲ ಚಿಕ್ಕಪ್ಪ ಬೇರೆ ಕಡೆ ನೋಡುತ್ತ ಬ್ರೇಕ್ ತಂತಿ ಪರೀಕ್ಷಿಸಿದರು.

ಏರಿಯ ಮೇಲೆ ಬಂದಾಗ ಕೆಳಗೆ ನಿಮ್ಮ ಮೂವರ ತಲೆ ಕಾಣಿಸಿತು. ಚಿಕ್ಕಪ್ಪ ನಿಂತುಬಿಟ್ಟರು. "ಇಲ್ಲಿಂದ ನೀನೇ ಹೋಗು. ನನ್ನ ನೋಡಿದ್ರೆ ನಿಮ್ಮಣ್ಣ ಪಾನಕ ಮುಟ್ಟಲ್ಲ" ಎಂದರು. ಅವರನ್ನು ಅಲ್ಲೇ ಬಿಟ್ಟು ಇಳಿದೆ. ಬಿಡಬಾರದಿತ್ತೇನೋ. ಆದರೆ ಆಗ ನನಗೆ ಆ ಗಂಟೆಯೊಂದೇ ಕಾಣುತ್ತಿತ್ತು.

ಗಂಟೆ ಹೊಡೆದಾಗ ಮುನಿಆಂಜಿನಪ್ಪನವರು ಕಣ್ಣು ಕಾಣದೆ, "ಯಾರವ್ವಾ?" ಎಂದದ್ದು, ಗೋದಾ ಎಂದಾಗ, "ಯಾಕವ್ವಾ ಇಷ್ಟೊತ್ತು, ದಾರೀಲ್ ಯಾರಾರ ಸಿಕ್ಕಿದ್ರಾ?" ಎಂದದ್ದು ನಿನಗೂ ಕೇಳಿಸಿತು. ಇವರು ಒಂದು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡದ್ದನ್ನು ನೀನು ನೋಡಿರಲಾರೆ. ಹೆಸರುಗಳನ್ನು ಒರೆಸುವಾಗ ನಿನ್ನದು ಬಹಳ ಹೊತ್ತು ಹೋಗಲಿಲ್ಲ. ಇದ್ದಿಲು ಅಲ್ಲಿ ಎಷ್ಟು ವರ್ಷ ತಿದ್ದಿಸಿಕೊಂಡಿತ್ತೋ.

ಮಜೀದ್ ನಾಲ್ಕು ಲೋಟ ಕುಡಿದ. ಬ್ಯಾಟರಾಯಪ್ಪ ಮಗಳಿಗೂ ಕುಡಿಸಿ ತಾನೂ ಕುಡಿದ. ನೀನು ಕುಡಿದದ್ದನ್ನು ನಾನು ನೋಡಲಿಲ್ಲ. ನೀನು ಲೋಟ ಹಿಡಿದುಕೊಂಡು ಗುಡಿಯಿಂದ ಹೊರಗೆ ಹೋದೆ. ನಾವು ಬಸ್ಸಿನಲ್ಲಿ ಮನೆಗೆ ಬಂದು ಊಟ ಮುಗಿಸಿದರೂ ನೀನು ಬಂದಿರಲಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

ಗೋದಾ


ಯಲಹಂಕ
9 ಮೇ 1984

ಗೋದಾ,

ಏರಿಯ ಮೇಲೆ ಹೋಗಿದ್ದೆ.

ಚಿಕ್ಕಪ್ಪ ಸ್ಕೂಟರಿಗೆ ಒರಗಿ ಕೆರೆಯ ಕಡೆ ಮುಖ ಮಾಡಿ ನಿಂತಿದ್ದರು. ನೀರು ಬಹಳ ಕೆಳಗೆ ಹೋಗಿತ್ತು. ನಾನು ಪಕ್ಕದಲ್ಲಿ ನಿಂತೆ. ಹತ್ತು ವರ್ಷದ ಮೇಲೆ ಯಾವ ಮಾತಿನಿಂದ ಶುರುಮಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಲೋಟ ಮುಂದೆ ಹಿಡಿದೆ. ಅವರು ನೋಡಿದರು.

"ಎಲ್ರಿಗೂ ಆಯ್ತೇನೋ?"

"ಆಯ್ತು."

"ನಿಂದು?"

ಅವರು ಲೋಟವನ್ನು ಎತ್ತಿ ಸ್ವಲ್ಪ ಬಾಯಿಗೆ ಹಾಕಿಕೊಂಡರು. "ಮೆಣಸು ಜಾಸ್ತಿ ಆಗಿದೆ" ಎಂದರು. ಅರ್ಧ ಕುಡಿದು ಲೋಟವನ್ನು ನನ್ನ ಕೈಗೆ ಕೊಟ್ಟರು. ಕುಡಿದೆ. ಮೆಣಸು ನಿಜವಾಗಿಯೂ ಜಾಸ್ತಿಯಾಗಿತ್ತು.

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವರು ಕೈಯಾಡಿಸಿ ಸುಮ್ಮನಾಗಿಸಿ, ಸ್ಕೂಟರಿನ ಕಿಕ್ ಒದ್ದರು. ಹತ್ತಲಿಲ್ಲ. ಇನ್ನೂ ನಾಲ್ಕು ಸಲ ಒದ್ದರು. "ಅಷ್ಟು ದೂರ ತಳ್ಳಿಸ್ಕೊಂಡು ಬಂದಿದೆಯಲ್ಲ, ಕೊಬ್ಬು ಇದಕ್ಕೆ" ಎಂದು ಬೈದರು. ಅವರು ಕೂತರು. ನಾನು ಲೋಟವನ್ನು ಜೇಬಿಗೆ ತುರುಕಿಕೊಂಡು ಹಿಂದಿನಿಂದ ತಳ್ಳಿದೆ. ಏರಿಯ ಉದ್ದಕ್ಕೂ ಓಡಿದೆ, ಗೋದಾ. ಹತ್ತು ವರ್ಷದಿಂದ ನಾನು ಎಲ್ಲಿಯೂ ಓಡಿರಲಿಲ್ಲ. ಇಳಿಜಾರು ಬಂದಾಗ ಇಂಜಿನ್ ಹತ್ತಿತು. ಅವರು ಹೊರಟುಹೋದರು ಎಂದುಕೊಂಡೆ. ಮುಂದೆ ಹೋಗಿ ನಿಲ್ಲಿಸಿ, ಕಾಲೂರಿ, ತಿರುಗಿ ನೋಡದೆ ಕಾದರು.

ನಾನು ಏದುಸಿರು ಬಿಡುತ್ತ ಬಂದೆ.

"ಹತ್ತೋ" ಎಂದರು.

ಹತ್ತಿದೆ.

ತ್ರಿವಿಕ್ರಮ